ಕಟ್ಟೆಯ ಮೇಲಿನ ಕೊಡ

ಕೊಟ್ಟೂರಿನವರು ತೀರಿಕೊಂಡರೆಂದು ಪತ್ರಿಕೆಯಿಂದ ಫೋನು ಬಂತು. ನಾನು ಅಲ್ಲಿನ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಹೊಸ ಉಪಸಂಪಾದಕ, “ನಿಮಗ ಅವರು ಛಲೋ ಗೊತ್ತಿದ್ರಲ್ಲ ಸಾರ್, ನಾಕು ಸಾಲು ಬರದು ಕೊಡ್ರಿ, ಇವತ್ತೇ ಹಾಕ್ತೀವಿ” ಅಂದ.

ಇಂಥ ನಾಲ್ಕು ಸಾಲುಗಳನ್ನು ಬರೆಯುತ್ತಲೇ ನಾನು ಅರ್ಧ ಆಯುಸ್ಸು ಕಳೆದಿದ್ದೇನೆ. ನಿಧನ ವಾರ್ತೆಗೆ ಒಂದು ಪಡಿಯಚ್ಚು ಇರುತ್ತದೆ. ಹೆಸರು, ಊರು, ವಯಸ್ಸು ಬದಲಾಯಿಸಿ, ಕೊನೆಗೆ ‘ಮೃತರಿಗೆ ಅಪಾರ ಬಂಧು-ಬಳಗ ಇದೆ’ ಎಂದು ಸೇರಿಸಿದರೆ ಮುಗಿಯಿತು, ಚಹಾ ಕುಡಿಯಲು ಹೋಗಬಹುದು. ಅವತ್ತು ಆ ಕೊನೆಯ ಸಾಲಿನ ತನಕ ಬಂದವನು ಪೆನ್ನು ಕೆಳಗಿಟ್ಟೆ. ಆಗುವುದಿಲ್ಲ ಎಂದು ಫೋನು ಮಾಡಿ ಹೇಳಿದೆ. ಆ ಸಾಲನ್ನು ಅವರ ವಿಷಯದಲ್ಲಿ ನಾನು ಒಮ್ಮೆ ಬರೆದಾಗಿತ್ತು.

ಅವರು ಬರೆದ ಒಂದು ಚಿತ್ರದಲ್ಲಿ ನಾನು ಒಂದು ಕೊಡವನ್ನು ಅಳಿಸಿದ್ದೆ. ಹೆಬ್ಬೆರಳ ಉಗುರಿನಷ್ಟು ಕೊಡ. ಅವರು ಬದುಕಿರುವ ತನಕ ಆ ಬಗ್ಗೆ ಬಾಯಿ ಬಿಡಲಿಲ್ಲ. ಈಗ ಬಿಡುತ್ತಿದ್ದೇನೆ. ಇದರಿಂದ ಅವರಿಗೇನೂ ಉಪಯೋಗವಿಲ್ಲ ಎಂಬುದು ನನಗೂ ಗೊತ್ತು.

ಅವರ ಹೆಸರು ಇಲ್ಲಿ ಹೇಳುವುದಿಲ್ಲ. ಕಚೇರಿಯಲ್ಲೂ ಹೇಳುತ್ತಿರಲಿಲ್ಲ. ಹರಪನಹಳ್ಳಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ನಾಲ್ಕು ಪುಟದ ದಿನಪತ್ರಿಕೆ ಇತ್ತು. ಸುತ್ತಲಿನ ತಾಲ್ಲೂಕುಗಳಿಂದ ಸುದ್ದಿ ಬರೆಯುವವರು ಕವರನ್ನು ಬಸ್ ಕಂಡಕ್ಟರ ಕೈಗೆ ಕೊಟ್ಟುಬಿಡುತ್ತಿದ್ದರು. ನಾವು ನಿಲ್ದಾಣಕ್ಕೆ ಹೋಗಿ ಇಳಿಸಿಕೊಳ್ಳುತ್ತಿದ್ದೆವು. ಹೀಗಾಗಿ ನಮಗೆ ಮನುಷ್ಯರೆಲ್ಲ ಊರುಗಳೇ ಆಗಿದ್ದರು. “ಕೂಡ್ಲಿಗಿ ಬಂತೇನು?” “ಹಗರಿಬೊಮ್ಮನಹಳ್ಳಿಗೆ ಜ್ವರ ಅಂತ, ಎರಡು ದಿನ ಬರೂದಿಲ್ಲ.” “ಹಡಗಲಿಗೆ ಗಂಡು ಹುಟ್ಟೈತಿ, ಪೇಡೆ ಕಳಿಸ್ಯಾನ.” ಈ ಸಾಲಿನಲ್ಲಿ ಅವರು ಕೊಟ್ಟೂರು. ಗೌರವ ಕೊಡಬೇಕೆನಿಸಿದಾಗ ಕೊಟ್ಟೂರಿನವರು.

ಮಿಕ್ಕವರ ಕವರಿಗೆ ಅಂಟು ಇದ್ದರೆ ಅವರ ಕವರಿಗೆ ಹೊಲಿಗೆ. ಎರಡು ರಟ್ಟುಗಳ ನಡುವೆ ಚಿತ್ರ ಇಟ್ಟು, ಮೇಲೆ ಗೋಣಿತಟ್ಟಿನ ತುಂಡು ಸುತ್ತಿ, ಸುತಳಿಯಿಂದ ನಾಲ್ಕೂ ಅಂಚು ಹೊಲಿದು ಕಳಿಸುತ್ತಿದ್ದರು. ಬ್ಲೇಡಿನಿಂದ ಅದನ್ನು ಬಿಚ್ಚುವಾಗ ನಾನು ಅವರ ವಂಶವನ್ನೆಲ್ಲ ಬೈದಿದ್ದೇನೆ. ಮಳೆಗಾಲದಲ್ಲಿ ಹಡಗಲಿ, ಕೂಡ್ಲಿಗಿಗಳ ಸುದ್ದಿಯೆಲ್ಲ ನೆನೆದು ಮಸಿಯ ಮುದ್ದೆಯಾಗಿ ಬಂದಾಗ ಕೊಟ್ಟೂರಿನದು ಮಾತ್ರ ಒಣಗಿ ಗರಿಗರಿಯಾಗಿ ಇರುತ್ತಿತ್ತು. ಆಗ ಬೈಗಳನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೆ.

ಅವರು ಕೊಟ್ಟೂರಿನ ಒಂದು ದಲ್ಲಾಳಿ ಅಂಗಡಿಯಲ್ಲಿ ಚೀಲಗಳಿಗೆ ಮಾರ್ಕಾ ಹಾಕುವ ಕೆಲಸದಲ್ಲಿದ್ದರು. ಮೆಕ್ಕೆಜೋಳ, ಶೇಂಗಾ ತುಂಬಿ ಬಾಯಿ ಹೊಲಿದ ಚೀಲದ ಮೇಲೆ ವ್ಯಾಪಾರಿಯ ಗುರುತನ್ನು ಕುಂಚದಿಂದ ಬರೆಯುವುದು. ಗೋಣಿಯ ಮೇಲೆ ಒಂದು ಸಲ ಮಸಿ ಬಿದ್ದರೆ ಬಿತ್ತು, ಅಳಿಸಲು ಬರುವುದಿಲ್ಲ. ಅವರ ಗೆರೆ ಬೆಳೆದದ್ದು ಅಲ್ಲಿ. ಒಮ್ಮೆ ಯಾವುದೋ ಚೀಲದ ಮೇಲೆ ಮಾರ್ಕಾದ ಪಕ್ಕದಲ್ಲಿ ದಲ್ಲಾಳಿ ಸಾಹುಕಾರರ ಮುಖವನ್ನೂ ಬರೆದುಬಿಟ್ಟರು. ಐದೇ ಗೆರೆ. ಮೂಗು, ಮೂಗಿನ ಮೇಲೆ ಜಾರಿದ ಕನ್ನಡಕ, ಕಿವಿಯ ಸಂದಿನಲ್ಲಿ ಸಿಕ್ಕಿಸಿದ ಪೆನ್ನು. ಚೀಲ ಲಾರಿ ಏರುವ ಹೊತ್ತಿಗೆ ಹಮಾಲರೆಲ್ಲ ನಗುತ್ತಿದ್ದರು. ಸಾಹುಕಾರರು ಸಿಟ್ಟು ಮಾಡಿಕೊಳ್ಳಬೇಕೋ ನಗಬೇಕೋ ತಿಳಿಯದೆ ಆ ಚೀಲವನ್ನು ಇಳಿಸಿ, ತಮ್ಮ ಗೆಳೆಯರಾದ ನಮ್ಮ ಸಂಪಾದಕರಿಗೆ ತೋರಿಸಿದರು. ಸಂಪಾದಕರು ಚೀಲದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನೋಡಿ, “ಇವನ್ನ ನನಗ ಕೊಡ್ರಿ” ಅಂದರಂತೆ. ಸಾಹುಕಾರರು ಕೊಡಲಿಲ್ಲ. ಕೊಟ್ಟೂರಿನವರು ಕೊನೆಯ ತನಕ ಎರಡೂ ಕಡೆ ದುಡಿದರು, ಹಗಲು ಚೀಲ, ಮುಂಜಾನೆ ಚಿತ್ರ.

ಹೀಗೆ ತೊಂಬತ್ತರ ದಶಕದ ಆರಂಭದಲ್ಲಿ ‘ತಿಪ್ಪಕ್ಕನ ಕಟ್ಟೆ’ ಶುರುವಾಯಿತು. ದಿನಕ್ಕೆ ಮೂರು ಚೌಕ. ತಿಪ್ಪಕ್ಕ ಎಂಬ ಮುದುಕಿ, ಅವಳ ಮನೆ ಮುಂದಿನ ಕಟ್ಟೆ, ಕೈಯಲ್ಲಿ ಮೊರ. ಕಟ್ಟೆಯ ಮುಂದೆ ಹಾದುಹೋಗುವವರೊಂದಿಗೆ ಅವಳು ಮಾತಾಡುತ್ತಾಳೆ, ಅಷ್ಟೇ. ಮೂಲೆಯಲ್ಲಿ ಸಹಿಯ ಜಾಗದಲ್ಲಿ ಒಂದು ಪುಟ್ಟ ದಬ್ಬಣ, ಚೀಲದ ಬಾಯಿ ಹೊಲಿಯುವ ದೊಡ್ಡ ಸೂಜಿ.

ಚುನಾವಣೆಯ ಹೊತ್ತಿನ ಒಂದು ಚಿತ್ರ ನೆನಪಿದೆ. ಮೊದಲ ಚೌಕದಲ್ಲಿ ಅಭ್ಯರ್ಥಿ ಕೈಮುಗಿದು, “ಅವ್ವಾ, ನಾ ನಿನ್ನ ಸೇವಕ” ಅನ್ನುತ್ತಾನೆ. ಎರಡನೆಯದರಲ್ಲಿ ತಿಪ್ಪಕ್ಕ ಮೊರವನ್ನು ಅವನ ಕೈಗೆ ಕೊಟ್ಟು, “ಹಂಗಾರ ಈ ಜ್ವಾಳ ಕೇರಪ್ಪ” ಅನ್ನುತ್ತಾಳೆ. ಮೂರನೆಯದರಲ್ಲಿ ಮೊರ ನೆಲದ ಮೇಲೆ ಬಿದ್ದಿದೆ, ದೂರದಲ್ಲಿ ಜೀಪಿನ ಧೂಳು. ಇನ್ನೊಂದು, ಅಪರೂಪಕ್ಕೆ ಅವಳು ಕಟ್ಟೆ ಇಳಿದು ಬಸ್ಸು ಹತ್ತಿದ್ದು. ಕಂಡಕ್ಟರ್ “ಹಿಂದಕ್ಕ ಸರೀರಿ, ಹಿಂದಕ್ಕ ಸರೀರಿ” ಎಂದು ಕೂಗುತ್ತಾನೆ. ಕೊನೆಯ ಚೌಕದಲ್ಲಿ ತಿಪ್ಪಕ್ಕ, “ಸರದು ಸರದು ಹತ್ತಿದ ಊರಿಗೇ ಬಂದ್ವಲ್ಲೋ ತಮ್ಮಾ!” ಅನ್ನುತ್ತಾಳೆ. ಆ ಚಿತ್ರವನ್ನು ಕತ್ತರಿಸಿ ಹಡಗಲಿ ಬಸ್ಸೊಂದರ ಡ್ರೈವರ್ ತನ್ನ ಗಾಜಿಗೆ ಅಂಟಿಸಿಕೊಂಡಿದ್ದ. ಇಟ್ಟಿಗಿ ಎಂಬ ಊರಿನಿಂದ ಓದುಗರೊಬ್ಬರು, ತಿಪ್ಪಕ್ಕ ನಮ್ಮ ಓಣಿಯವಳೇ, ನಿಮಗೆ ಹೇಗೆ ಗೊತ್ತಾದಳು ಎಂದು ಕಾಗದ ಬರೆದಿದ್ದರು. ಇಂಥ ಕಾಗದಗಳು ಸುತ್ತಲಿನ ಎಲ್ಲ ತಾಲ್ಲೂಕುಗಳಿಂದ ಬರುತ್ತಿದ್ದವು. ನಾನು ಓದಿ ಹೇಳಿದರೆ ಕೊಟ್ಟೂರಿನವರು ತಲೆ ತಗ್ಗಿಸಿ ಕೇಳಿ, “ಇರಲಿ ಬಿಡ್ರಿ” ಅನ್ನುತ್ತಿದ್ದರು.

ತೆಳ್ಳಗೆ, ಉದ್ದಕ್ಕಿದ್ದರು. ಅಂಗಿಯ ಬಲತೋಳಿನಲ್ಲಿ ಸದಾ ಮಸಿಯ ಕಲೆ. ಮದುವೆಯಾಗಿರಲಿಲ್ಲ. ಬಂದಾಗಲೆಲ್ಲ ಮೊದಲ ಮಾತು, “ಊಟ ಆತೇನ್ರಿ?” ಬೆಳಿಗ್ಗೆ ಒಂಬತ್ತಕ್ಕೆ ಬಂದರೂ ಅದೇ. ಇನ್ನೊಂದು ವಿಚಿತ್ರವಿತ್ತು. ಅಚ್ಚಾದ ತಮ್ಮ ಚಿತ್ರವನ್ನು ಅವರು ನೋಡುತ್ತಿರಲಿಲ್ಲ. ಪತ್ರಿಕೆ ಓದುವರು, ತಿಪ್ಪಕ್ಕ ಇರುವ ಜಾಗವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಓದುವರು. ನಮ್ಮ ಹಳೆಯ ಯಂತ್ರ ಮಸಿಯನ್ನು ಹೆಚ್ಚು ಕುಡಿಸುತ್ತಿತ್ತು, ಅದು ನಿಜ. “ಅಚ್ಚಿನಾಗ ನನ್ನ ಗೆರಿ ಬಾತಿರ್ತದ್ರಿ. ಬಾವು ಬಂದ ಮಾರಿ ನೋಡಿದಂಗ ಆಕ್ಕತಿ. ನಾ ನೋಡೂದಿಲ್ಲ” ಅನ್ನುತ್ತಿದ್ದರು. ನನಗೆ ಅದು ತಮಾಷೆಯಾಗಿ ಕಂಡಿತ್ತು. ಈ ಅಭ್ಯಾಸವೇ ಮುಂದೆ ಅವರಿಗೆ ಮುಳುವಾದೀತೆಂದು ಯಾರು ಕಂಡಿದ್ದರು.

ಬರೆಯುವವರಿಗೆ ಪತ್ರಿಕೆಯ ಒಂದು ಗೌರವ ಪ್ರತಿ ಕಳಿಸುವ ಪದ್ಧತಿ. ಅವರು ಮೊದಲ ದಿನವೇ, “ನನಗ ಬ್ಯಾಡ್ರಿ, ಅದನ್ನ ಚಿಗಟೇರಿಗೆ ಕಳಸ್ರಿ” ಎಂದು ಯಾರದೋ ಹೆಸರು, ವಿಳಾಸ ಬರೆದುಕೊಟ್ಟಿದ್ದರು. ನಾವು ದಿನಾ ಬೆಳಗಿನ ಬಸ್ಸಿಗೆ ಹಾಕುತ್ತಿದ್ದೆವು. ಆ ಮನುಷ್ಯ ಯಾರೆಂದು ನಾನು ಕೇಳಲಿಲ್ಲ. ಸುದ್ದಿಮನೆಯಲ್ಲಿ ಕೂತವರಿಗೆ ಎದುರಿನವರನ್ನು ಕೇಳುವ ಬುದ್ಧಿ ಇರುವುದಿಲ್ಲ.

ಅದು ಅವರ ಭಾವನ ವಿಳಾಸ ಎಂದು ತಿಳಿದದ್ದು ಎಲ್ಲ ಮುಗಿದ ಮೇಲೆ. ಆಗ ಅವರೇ ಹೇಳಿದ್ದನ್ನು ಇಲ್ಲಿ ಮೊದಲೇ ಹೇಳುತ್ತೇನೆ.

ತಾಯಿ ಸತ್ತಾಗ ಅವರಿಗೆ ನಾಲ್ಕು ವರ್ಷ. ಸಾಕಿದ್ದು ಅಕ್ಕ. ಅಕ್ಕನನ್ನು ಚಿಗಟೇರಿಗೆ ಕೊಟ್ಟಾಗ ಜೊತೆಗೆ ಇವರೂ ಹೋಗಿ ಅಲ್ಲೇ ಬೆಳೆದರು. ಅಕ್ಕನಿಗೆ ಮಗಳು ಹುಟ್ಟಿದಾಗ ತೊಟ್ಟಿಲ ಹಗ್ಗ ಜಗ್ಗಿದವರು ಇವರೇ. ಆ ಹುಡುಗಿ ದೊಡ್ಡವಳಾದ ಮೇಲೆ ಭಾವ, ನಮ್ಮ ಕಡೆಯ ರೂಢಿಯಂತೆ, ಸೋದರಮಾವನಿಗೇ ಅವಳನ್ನು ಕೊಡುವುದೆಂದು ನಾಲ್ಕು ಜನರ ಮುಂದೆ ಹೇಳಿಬಿಟ್ಟರು. ಇವರು ಒಲ್ಲೆ ಅಂದರು. “ನಾ ಎತ್ತಿ ಆಡಿಸಿದ ಕೂಸು ಅದು. ಅದರ ಮೂಗು ಒರಸೀನಿ. ಅದಕ್ಕ ತಾಳಿ ಹೆಂಗ ಕಟ್ಟಲಿ?” ಇಷ್ಟೇ ಅವರ ಕಾರಣ. ಭಾವನಿಗೆ ಅದು ಅವಮಾನವಾಗಿ ಕಂಡಿತು. ಅವತ್ತೇ ಮನೆ ಬಿಡಿಸಿದರು. ಇವರು ಚಿಗಟೇರಿಗೆ ಕಾಲಿಡಬಾರದು, ಅಕ್ಕ ಕೊಟ್ಟೂರಿನ ಕಡೆ ತಲೆ ಹಾಕಬಾರದು. ಹುಡುಗಿಗೆ ಬೇರೆ ಕಡೆ ಮದುವೆಯಾಯಿತು, ಅವಳು ಸುಖವಾಗಿಯೇ ಇದ್ದಳು, ಆದರೂ ಭಾವನ ಮಾತು ಮಾತೇ.

ಅಕ್ಕನಿಗೆ ಓದು ಬರಹ ಬರುತ್ತಿರಲಿಲ್ಲ. ಕಾಗದ ಹಾಕಿದರೆ ಓದಿ ಹೇಳುವವರು ಭಾವನೇ. ಹೀಗಿರುವಾಗ ‘ತಿಪ್ಪಕ್ಕನ ಕಟ್ಟೆ’ ಶುರುವಾಯಿತು. ಭಾವ ದಿನಾ ಬರುವ ಗೌರವ ಪ್ರತಿಯನ್ನು ಕಂಡು, ಪತ್ರಿಕೆಯವರು ತಮ್ಮನ್ನು ಗುರುತಿಸಿದ್ದಾರೆಂದು ಊರಲ್ಲೆಲ್ಲ ಹೇಳಿಕೊಂಡರಂತೆ. ಚಿತ್ರಕ್ಕೆ ಹೆಸರಿರಲಿಲ್ಲ, ದಬ್ಬಣ ಮಾತ್ರ ಇತ್ತು. ಅದು ಯಾರ ಕೈ ಎಂಬುದು ಭಾವನಿಗೆ ತಿಳಿಯಲೇ ಇಲ್ಲ. ಅಕ್ಕ ಮಾತ್ರ ಮೊದಲ ದಿನವೇ ಹಿಡಿದಳು. ಆ ಕಟ್ಟೆ ಅವಳದು, ಆ ಮೊರ ಅವಳದು, ಸೆರಗು ಸೊಂಟಕ್ಕೆ ಸಿಕ್ಕಿಸುವ ರೀತಿ ಅವಳದು.

“ಭಾವ ಅಕ್ಷರ ಓದ್ತಿದ್ದ, ಅಕ್ಕ ಚಿತ್ರ ಓದ್ತಿದ್ದಳ್ರಿ” ಎಂದರು ಅವರು.

ಯಾರೋ ತೀರಿಕೊಂಡು ಅವರ ಮಣ್ಣಿಗೆ ಹೋದಾಗ ಅಕ್ಕ-ತಮ್ಮ ಜನರ ನಡುವೆ ಒಂದು ಗಳಿಗೆ ಪಕ್ಕಪಕ್ಕ ನಿಂತಿದ್ದರಂತೆ. ಆಗ ಅಕ್ಕ ಇವರ ಮುಖ ನೋಡದೆ ಹೇಳಿದ್ದು, “ನೀ ಹರಪನಹಳ್ಳಿ ಸಂತಿಗೆ ಬರೂದಿದ್ರ, ಕಟ್ಟಿ ಮ್ಯಾಲೆ ನನ್ನ ಕೊಡ ಇಡು. ನೋಡಿ ಬರ್ತೀನಿ.” ಅಂದಿನಿಂದ ಅದೇ ಅವರ ಅಂಚೆ. ಮೂರನೆಯ ಚೌಕದಲ್ಲಿ, ಕಟ್ಟೆಯ ಕೆಳಮೂಲೆಯಲ್ಲಿ, ಬಾಯಿಗೆ ಬಟ್ಟಲು ಮುಚ್ಚಿದ ಒಂದು ಕೊಡ. ಅದು ಅಚ್ಚಾದರೆ, ಬರುವ ಸಂತೆಯ ದಿನ ಅಕ್ಕ ಓಣಿಯ ಹೆಂಗಸರ ಜೊತೆ ಕಾಯಿಪಲ್ಲೆಗೆಂದು ಹರಪನಹಳ್ಳಿ ಬಸ್ಸು ಹತ್ತುವಳು. ತಮ್ಮನಾದವನು ಅವತ್ತಿನ ಚಿತ್ರವನ್ನು ಬಸ್ಸಿಗೆ ಹಾಕದೆ ತಾನೇ ತಂದು ನಮಗೆ ಕೊಟ್ಟು, ನಿಲ್ದಾಣದ ಬೇವಿನ ಮರದ ಕೆಳಗೆ ಹೋಗಿ ನಿಲ್ಲುವನು. ಅರ್ಧ ತಾಸು. ಅಷ್ಟಕ್ಕೆ ಚಿಗಟೇರಿ ಬಸ್ಸು ಹೊರಡುತ್ತಿತ್ತು.

ನಾನು ಅವರನ್ನು ಒಮ್ಮೆ ಅಲ್ಲಿ ನೋಡಿದ್ದೆ. ಕಾಗದದ ಮೇಲೆ ಮಂಡಕ್ಕಿ ಹರವಿಕೊಂಡು, ನಡುವೆ ಎರಡು ಮಿರ್ಚಿ ಬಜ್ಜಿ ಇಟ್ಟುಕೊಂಡು ಅವರೂ ಒಬ್ಬ ವಯಸ್ಸಾದ ಹೆಂಗಸೂ ತಿನ್ನುತ್ತಿದ್ದರು. ಹೆಂಗಸು ಮಂಡಕ್ಕಿಯಲ್ಲಿದ್ದ ಶೇಂಗಾ ಆರಿಸಿ ಆರಿಸಿ ಅವರ ಕಡೆ ಸರಿಸುತ್ತಿದ್ದಳು. ಅವಳನ್ನು ಎಲ್ಲೋ ನೋಡಿದ್ದೇನಲ್ಲ ಎನಿಸಿತು. ದಿನಾ ನನ್ನ ಕೈಯಿಂದಲೇ ಪುಟಕ್ಕೆ ಅಂಟುತ್ತಿದ್ದ ಮುಖ ಅದು ಎಂಬುದು ನನಗೆ ಹೊಳೆಯಲಿಲ್ಲ.

ವರ್ಷದಲ್ಲಿ ಎಷ್ಟು ಸಂತೆ ತಪ್ಪಿದರೂ ನಾಗರ ಪಂಚಮಿಗೆ ಮುಂಚಿನ ಸಂತೆ ತಪ್ಪುತ್ತಿರಲಿಲ್ಲ. ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುವ ನಾಡು ನಮ್ಮದು. ಇವರಿಗೆ ಕರೆತರಲು ಮನೆಬಾಗಿಲಿಗೆ ಹೋಗುವಂತಿಲ್ಲ. ಅದಕ್ಕೆ ಅಕ್ಕ ಉಂಡಿ ಕಟ್ಟಿಕೊಂಡು ಸಂತೆಗೆ ಬರುವಳು. “ಆ ಬೇವಿನ ಗಿಡಾನ ನಮ್ಮ ತವರುಮನಿ ಆಗಿತ್ರಿ” ಅಂದಿದ್ದರು.

ನಾನು ಕೊಡ ಅಳಿಸಿದ ವರ್ಷ ಅವರಿಗೆ ಕಾಮಾಲೆಯಾಗಿ ನಾಲ್ಕು ತಿಂಗಳು ಸಂತೆಗೆ ಬರಲಾಗಿರಲಿಲ್ಲ. ಮಲಗಿದಲ್ಲಿಂದಲೇ ಚಿತ್ರ ಕಳಿಸುತ್ತಿದ್ದರು. ತಿಪ್ಪಕ್ಕನ ಗೆರೆಗಳು ಸ್ವಲ್ಪ ನಡುಗುತ್ತಿದ್ದವು. ಪಂಚಮಿ ಹತ್ತಿರ ಬಂತು. ಮೈ ಸುಧಾರಿಸಿತು. ಅವರು ಕೊಡ ಬರೆದು, ಹೊಲಿಗೆ ಹಾಕಿ, ಬಸ್ಸಿಗೆ ಕೊಟ್ಟರು.

ಆ ಸಂಜೆ ಪುಟ ಸಿದ್ಧವಾಗಿತ್ತು. ಆಗ ಪುಟ ಕಟ್ಟುವುದೆಂದರೆ ಕತ್ತರಿ, ಗೋಂದು. ಅಕ್ಷರ ಜೋಡಿಸಿದ ಹಾಳೆಗಳನ್ನೂ ಚಿತ್ರವನ್ನೂ ದೊಡ್ಡ ಕಾಗದದ ಮೇಲೆ ಅಂಟಿಸುವುದು. ದೀಪ ಹಚ್ಚುವ ಹೊತ್ತಿಗೆ ಬೀಜದ ಅಂಗಡಿಯ ಜಾಹೀರಾತೊಂದು ಬಂತು. ಕೊಟ್ಟಿದ್ದ ಜಾಗಕ್ಕಿಂತ ಅದು ಒಂದು ಬೆರಳು ಎತ್ತರ. ಮೇಲಿರುವುದು ತಿಪ್ಪಕ್ಕ. ನಾನು ಯೋಚನೆ ಮಾಡಲಿಲ್ಲ. ಚಿತ್ರದ ಕೆಳಭಾಗವನ್ನು ಒಂದು ಬೆರಳಗಲ ಕತ್ತರಿಸಿದೆ. ಮಾತುಗಳೆಲ್ಲ ಮೇಲಿದ್ದವು, ಒಂದಕ್ಷರವೂ ಹೋಗಲಿಲ್ಲ. ಮೂರನೆಯ ಚೌಕದಲ್ಲಿ ಒಂದು ಅರ್ಧ ಕೊಡ ಉಳಿಯಿತು, ತಳವಿಲ್ಲದೆ ಅಸಹ್ಯವಾಗಿ ಕಾಣುತ್ತಿತ್ತು. ಬಿಳಿ ಬಣ್ಣದ ಕುಂಚ ಪಕ್ಕದಲ್ಲೇ ಇತ್ತು. ಎರಡು ಸಲ ಬಳಿದೆ. ಕಟ್ಟೆ ಸ್ವಚ್ಛವಾಯಿತು. ನನ್ನ ಕೈಚಳಕಕ್ಕೆ ನಾನೇ ಮೆಚ್ಚಿಕೊಂಡೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಎರಡು ದಿನದ ನಂತರ ಸಂತೆ. ಅವರು ಬೆಳಿಗ್ಗೆಯೇ ಬಂದರು. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯಲ್ಲಿ ಹೊಸ ಸೀರೆಯ ಪೊಟ್ಟಣ. ಕೆನ್ನೆ ಒಳಗೆ ಹೋಗಿದ್ದರೂ ಮುಖದಲ್ಲಿ ಕಳೆ ಇತ್ತು. “ಊಟ ಆತೇನ್ರಿ?” ಎಂದು ಕೇಳಿ ಚಿತ್ರ ಕೊಟ್ಟು ಹೋದರು. ಸಂಜೆ ಕೊಟ್ಟೂರಿನ ಕಡೆಯ ಬಸ್ಸಿನ ಹೊತ್ತಿಗೆ ಮತ್ತೆ ಬಾಗಿಲಲ್ಲಿ ಕಂಡರು. ಪೊಟ್ಟಣ ಕೈಯಲ್ಲೇ ಇತ್ತು.

“ಸಾರ್, ಚಿಗಟೇರಿ ಬಸ್ಸು ಇವತ್ತು ಕೆಟ್ಟೈತೇನ್ರಿ?”

“ಇಲ್ಲಲ್ರಿ, ಟೈಮಿಗೆ ಬಂದೈತಿ. ನಮ್ಮ ಕವರ್ ಇಳಿಸಿಕೊಂಡೀವಿ” ಅಂದೆ, ತಲೆ ಎತ್ತದೆ.

“ಹೌದ್ರೇನು” ಅಂದು ಹೋದರು.

ಐದಾರು ದಿನ ಕಳೆದಿರಬೇಕು. ಚಿಗಟೇರಿಯಿಂದ ಬಂದ ಕವರಿನಲ್ಲಿ ಒಂದು ನಿಧನ ವಾರ್ತೆ ಇತ್ತು. ಇಂಥವರ ಧರ್ಮಪತ್ನಿ, ಎದೆನೋವಿನಿಂದ. ಗಂಡನ ಹೆಸರು ನನಗೆ ಪರಿಚಿತ, ನಾವು ದಿನಾ ಗೌರವ ಪ್ರತಿ ಕಳಿಸುವ ಹೆಸರು. ನಮ್ಮ ಓದುಗರೆಂದು ವಿಶೇಷ ಅಕ್ಕರೆಯಿಂದ ನಾಲ್ಕು ಸಾಲು ಬರೆದೆ. ‘ಮೃತರಿಗೆ ಪತಿ, ಓರ್ವ ಪುತ್ರಿ ಹಾಗೂ ಅಪಾರ ಬಂಧು-ಬಳಗ ಇದೆ.’ ಪುಟದಲ್ಲಿ ಜಾಗವಿದ್ದದ್ದು ‘ತಿಪ್ಪಕ್ಕನ ಕಟ್ಟೆ’ಯ ಪಕ್ಕದಲ್ಲಿ. ಅಲ್ಲೇ ಅಂಟಿಸಿದೆ. ಅವರು ಮರುದಿನ ಕೊಟ್ಟೂರಿನ ಹೋಟೆಲಿನಲ್ಲಿ, ತಿಪ್ಪಕ್ಕನನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಅದನ್ನು ಓದಿದರು.

ಅವರು ಚಿಗಟೇರಿಗೆ ಓಡಿ ಹೋಗುವ ಹೊತ್ತಿಗೆ ಮಣ್ಣು ಮುಗಿದು ಒಂದು ದಿನವಾಗಿತ್ತು. ಭಾವ ಬಾ ಅನ್ನಲೂ ಇಲ್ಲ, ಹೋಗು ಅನ್ನಲೂ ಇಲ್ಲ. ಹೊಲಕ್ಕೆ ಹೋಗಿ ಹಸಿ ಮಣ್ಣಿನ ಮುಂದೆ ಕೂತಿದ್ದು, ವಾಪಸ್ ಹೊರಟವರು ಹರಪನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ನಮ್ಮ ಕಚೇರಿಗೆ ಬಂದರು. ಆವತ್ತು ಅವರು ಊಟವಾಯಿತೇ ಎಂದು ಕೇಳಲಿಲ್ಲ. ನನ್ನ ಮೇಜಿನ ಎದುರು ಕೂತು, ಆ ದಿನದ ಪತ್ರಿಕೆಯನ್ನು ನನ್ನ ಕಡೆ ತಿರುಗಿಸಿ, ಕೊನೆಯ ಸಾಲಿನ ಕೆಳಗೆ ಬೆರಳಿಟ್ಟರು.

“ಈ ಬಂಧು-ಬಳಗ ಅಂತ ಬರದೀರಲ್ರಿ. ಅದರಾಗ ನಾನೂ ಅದೀನಿ.”

ನನಗೆ ಅರ್ಥವಾಗಲಿಲ್ಲ. ಆಗ ಎಲ್ಲವನ್ನೂ ಹೇಳಿದರು. ತಾಯಿ ಸತ್ತದ್ದು, ತೊಟ್ಟಿಲು, ಭಾವ, ಬೇವಿನ ಮರ. ಕೊಡದ ವಿಷಯ ಬಂದಾಗ ನನಗೆ ಆ ಸಂಜೆಯ ಬಿಳಿ ಕುಂಚ ನೆನಪಾಯಿತು. ಬಟ್ಟಲು ಮುಚ್ಚಿದ ಕೊಡ. ಮೂರನೆಯ ಚೌಕ. ಕೆಳಮೂಲೆ.

“ಈ ಸಲ ಕೊಡ ಇಟ್ಟಿದ್ದೆ ಸಾರ್. ಬರ್ಲಿಲ್ಲ. ನಾಕು ತಿಂಗಳು ಮಾರಿ ತೋರಸಲಿಲ್ಲ ಅಂತ ಸಿಟ್ಟು ಬಂದಿತ್ತೇನೋ. ಆದ್ರ ನಮ್ಮಕ್ಕ ಸಿಟ್ಟು ಇಟ್ಟುಗೊಳ್ಳೋ ಪೈಕಿ ಅಲ್ಲ. ಅದಕ್ಕ ಒಂದು ಅನುಮಾನ. ಜಡ್ಡಿನಾಗಿದ್ದೆ ನೋಡ್ರಿ, ನಾನೇ ಕೊಡ ಬರಿಯೂದು ಮರತೀನೇನೋ. ಆ ದಿನದ ಪೇಪರ್ ಒಂದು ಇದ್ರ ಕೊಡ್ತೀರೇನ್ರಿ? ನೋಡ್ತೀನಿ.”

ಅಚ್ಚಾದ ಚಿತ್ರವನ್ನು ನೋಡುತ್ತೇನೆಂದು ಅವರು ಕೇಳಿದ್ದು ಅದೇ ಮೊದಲು. ಆ ದಿನದ ಹತ್ತು ಪ್ರತಿ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿದ್ದವು. ಬಿಳಿ ಬಳಿದ ಮೂಲ ಚಿತ್ರ ನನ್ನ ಮೇಜಿನ ಖಾನೆಯಲ್ಲೇ ಇತ್ತು. ನೀವು ಮರೆತಿಲ್ಲ, ಬರೆದಿದ್ದಿರಿ, ಅಳಿಸಿದವನು ನಾನು ಎಂದರೆ ಸಾಕಿತ್ತು.

“ಆ ದಿನದ್ದು ಒಂದೂ ಉಳಿದಿಲ್ಲಲ್ರಿ” ಅಂದೆ.

ಇಷ್ಟು ವರ್ಷದ ವೃತ್ತಿಯಲ್ಲಿ ಎಷ್ಟೋ ತಪ್ಪು ಸುದ್ದಿ ಹಾಕಿದ್ದೇನೆ, ಮರುದಿನ ತಿದ್ದುಪಡಿ ಹಾಕಿದ್ದೇನೆ. ಇದಕ್ಕೆ ತಿದ್ದುಪಡಿ ಹಾಕುವ ಧೈರ್ಯ ನನಗೆ ಬರಲಿಲ್ಲ. ಹೇಡಿತನ, ಬೇರೆ ಮಾತಿಲ್ಲ. ಅವರು ಎದ್ದು, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, “ಇರಲಿ ಬಿಡ್ರಿ” ಅಂದರು.

ತಿಪ್ಪಕ್ಕ ನಿಲ್ಲಬಹುದು ಎಂದುಕೊಂಡಿದ್ದೆ. ನಿಲ್ಲಲಿಲ್ಲ. ಹನ್ನೊಂದು ದಿನ ಬಿಟ್ಟು ಮತ್ತೆ ಗೋಣಿತಟ್ಟಿನ ಕವರು ಬಂತು. ಅವಳು ಹಾಗೆಯೇ ಕಟ್ಟೆಯ ಮೇಲೆ ಕೂತು ಶಾಸಕರನ್ನೂ ಕಂಡಕ್ಟರನ್ನೂ ಆಡಿಕೊಳ್ಳುತ್ತಿದ್ದಳು. ಓದುಗರು ನಗುತ್ತಿದ್ದರು. ಕೊಡ ಮಾತ್ರ ಯಾವತ್ತೂ ಬರಲಿಲ್ಲ. ನಾನು ಪ್ರತಿದಿನ ಮೊದಲು ನೋಡುತ್ತಿದ್ದದ್ದು ಆ ಮೂಲೆಯನ್ನೇ.

ಕೆಲವು ತಿಂಗಳಾದ ಮೇಲೆ ಇನ್ನೊಂದು ಬದಲಾವಣೆ ಕಂಡೆ. ಮೂರೂ ಚೌಕಗಳನ್ನು ಸ್ವಲ್ಪ ಗಿಡ್ಡ ಮಾಡಿ, ಕೆಳಗೆ ಒಂದು ಬೆರಳಗಲ ಜಾಗವನ್ನು ಖಾಲಿ ಬಿಡತೊಡಗಿದರು. ಬಂದಾಗ ಕೇಳಿದೆ.

“ಜಾಹೀರಾತು ದೊಡ್ಡದು ಬಂದ್ರ ಕತ್ತರಿಸಾಕ ಇರಲಿ ಅಂತರಿ. ಪಾಪ, ನಿಮಗ ತ್ರಾಸ ಆಗಬಾರ್ದು ನೋಡ್ರಿ” ಅಂದರು. ನಕ್ಕರು ಕೂಡ. ಎಂಥ ಸೌಜನ್ಯದ ಮನುಷ್ಯ ಎಂದು ನಾನು ಸಹೋದ್ಯೋಗಿಗಳ ಮುಂದೆ ಹೊಗಳಿದೆ. ಆ ಒಂದು ಬೆರಳಿನ ಜಾಗವನ್ನು ವರ್ಷಗಟ್ಟಲೆ ಕತ್ತರಿಸಿ ಬುಟ್ಟಿಗೆ ಹಾಕಿದ್ದೇನೆ.

ಕಂಪ್ಯೂಟರ್ ಬಂತು, ಕತ್ತರಿ ಗೋಂದು ಹೋದವು. ಪತ್ರಿಕೆಗೆ ಬಣ್ಣ ಬಂತು. ಹೊಸ ಹುಡುಗರಿಗೆ ತಿಪ್ಪಕ್ಕ ಹಳಬಳಾಗಿ ಕಂಡಳು. ದಿನಾ ಬರುತ್ತಿದ್ದವಳು ವಾರಕ್ಕೊಮ್ಮೆಯಾದಳು, ಆಮೇಲೆ ಜಾಗವಿದ್ದರೆ ಎಂದಾಯಿತು. ಅವರು ದೂರಲಿಲ್ಲ. ನಾನು ಕೆಲಸ ಬಿಟ್ಟ ದಿನ ಕೊಟ್ಟೂರಿನಿಂದ ಬಂದು ನನಗೊಂದು ಹಾರ ಹಾಕಿ, ಊಟವಾಯಿತೇ ಎಂದು ಕೇಳಿ ಹೋದರು. ಅದೇ ಕೊನೆ.

ನಾಲ್ಕು ಸಾಲು ಬರೆಯಲಾಗದೆ ಪೆನ್ನು ಕೆಳಗಿಟ್ಟವನು, ಮಣ್ಣಿಗಾದರೂ ಹೋಗೋಣವೆಂದು ಎದ್ದೆ. ಟ್ರಂಕಿನ ತಳದಲ್ಲಿದ್ದ ಆ ಮೂಲ ಚಿತ್ರವನ್ನು ಕವರಿನಲ್ಲಿ ಹಾಕಿಕೊಂಡೆ. ಯಾಕೆ ಹಾಕಿಕೊಂಡೆ, ಯಾರಿಗೆ ಕೊಡುವುದಿತ್ತು, ಗೊತ್ತಿಲ್ಲ. ಅಷ್ಟು ವರ್ಷಕ್ಕೆ ಬಿಳಿ ಬಣ್ಣ ಅಲ್ಲಲ್ಲಿ ಬಿರಿದಿತ್ತು.

ಮಣ್ಣು ಮುಗಿದ ಮೇಲೆ ಅವರ ಒಂದೇ ಕೋಣೆಯ ಮನೆಯಲ್ಲಿ ನಲವತ್ತು ದಾಟಿದ ಹೆಣ್ಣುಮಗಳೊಬ್ಬಳು ಸಾಮಾನು ಜೋಡಿಸುತ್ತಿದ್ದಳು. ಅಕ್ಕನ ಮಗಳು, ಅವರು ಎತ್ತಿ ಆಡಿಸಿದ ಕೂಸು. ಅವಳ ತಂದೆಯೂ ಹೋಗಿ ವರ್ಷಗಳಾಗಿದ್ದವು. ಆಮೇಲೆ ಇವಳೇ ಹೋಗಿಬರುವುದನ್ನು ಮತ್ತೆ ಶುರುಮಾಡಿದ್ದಳಂತೆ. ನಾನು ಪತ್ರಿಕೆಯಲ್ಲಿದ್ದವನೆಂದು ಹೇಳಿಕೊಂಡೆ.

“ಬರ್ರಿ, ಕುಂದರ್ರಿ. ಮಾಮ ನಿಮ್ಮ ಬಗ್ಗೆ ಭಾಳ ಹೇಳ್ತಿದ್ದ” ಅಂದಳು. “ಕತ್ತರಿ ಹಿಡಿಯೋ ಕೈ ಅವರದು ಭಾಳ ನಾಜೂಕು ಅಂತಿದ್ದ.”

ನಾನು ಕೂತೆ. ಅವಳು ಮಸಿಯ ಶೀಶೆ, ಕುಂಚಗಳ ನಡುವಿನಿಂದ ಒಂದು ತಗಡಿನ ಡಬ್ಬಿ ತೆಗೆದು, ಅದರಿಂದ ಒಂದು ಚೂರು ಕಾಗದ ಬಿಡಿಸಿದಳು. “ಮಾಮ ತನ್ನ ಚಿತ್ರ ಅಚ್ಚಾಗಿದ್ದು ಎಂದೂ ಇಟ್ಟುಗೊಂಡಾವ ಅಲ್ಲ. ಇದೊಂದನ್ನ ಇಟ್ಟಾನ. ಯಾಕ ಅಂತ ನಿಮಗೇನಾರ ಗೊತ್ತೇನ್ರಿ?”

‘ತಿಪ್ಪಕ್ಕನ ಕಟ್ಟೆ’. ಅಂಚು ಹರಿದು, ಎಣ್ಣೆ ಕುಡಿದು ಅರ್ಧ ಪಾರದರ್ಶಕವಾಗಿತ್ತು. ಯಾವುದೋ ಅಂಗಡಿಯವನು ಮಿರ್ಚಿ ಕಟ್ಟಿಕೊಟ್ಟ ಹಳೆ ಪತ್ರಿಕೆ. ಕೆಳಗೆ ಬೀಜದ ಅಂಗಡಿಯ ಜಾಹೀರಾತು. ಮೂರನೆಯ ಚೌಕದ ಕೆಳಮೂಲೆಯಲ್ಲಿ, ನಾನು ಸ್ವಚ್ಛ ಮಾಡಿದ ಕಟ್ಟೆಯ ಮೇಲೆ, ಕುಂಚದಿಂದ ಬರೆದ ಒಂದು ಕೊಡವಿತ್ತು. ಬಾಯಿಗೆ ಬಟ್ಟಲು. ತಳಕ್ಕೆ ಜಾಗ ಸಾಲದೆ ಅದು ಜಾಹೀರಾತಿನ ಅಕ್ಷರಗಳ ಮೇಲೆ ಇಳಿದಿತ್ತು. ಅಚ್ಚಿನ ಗೆರೆಗಳ ನಡುವೆ ಆ ಕೊಡದ ಗೆರೆ ಮಾತ್ರ ಬಾತಿರಲಿಲ್ಲ.

ಅವರಿಗೆ ಗೊತ್ತಾಗಿತ್ತು. ಒಂದು ಬೆರಳಿನ ಜಾಗ ಖಾಲಿ ಬಿಡಲು ಶುರುಮಾಡಿದಾಗಲೇ ಗೊತ್ತಾಗಿತ್ತು. ಗೊತ್ತಿದ್ದೂ ನನ್ನ ಎದುರು ನಕ್ಕಿದ್ದರು, ಹಾರ ಹಾಕಿದ್ದರು, ಊಟದ ಬಗ್ಗೆ ಕೇಳಿದ್ದರು. ನಾನು ನನ್ನ ಕವರಿನಿಂದ ಮೂಲ ಚಿತ್ರ ತೆಗೆದು ಅದರ ಪಕ್ಕದಲ್ಲಿಟ್ಟೆ. ಬಿರಿದ ಬಿಳಿಯ ಕೆಳಗೆ ಅರ್ಧ ಕೊಡ ಕಾಣುತ್ತಿತ್ತು.

“ಅಳಿಸಿದಾವ ನಾನಮ್ಮಾ” ಅಂದೆ. ಉಳಿದದ್ದನ್ನೂ ಹೇಳಿದೆ. ಕಪಾಟಿನಲ್ಲಿದ್ದ ಹತ್ತು ಪ್ರತಿಗಳ ಸುಳ್ಳನ್ನೂ ಬಿಡಲಿಲ್ಲ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದರೆ ಒಳ್ಳೆಯದಿತ್ತು.

ಅವಳು ಎರಡೂ ಚಿತ್ರಗಳನ್ನು ಹತ್ತಿರ ಸರಿಸಿ ನೋಡಿದಳು.

“ಆಗ ನಾ ಪಂಚಮಿಗೆ ಚಿಗಟೇರಿಗೆ ಬಂದಿದ್ನಿರಿ” ಅಂದಳು. “ಅವ್ವ ಉಂಡಿ ಕಟ್ಟಿ ಸಂತಿ ಚೀಲದಾಗ ಇಟ್ಟುಗೊಂಡು, ದಿನಾ ಬಸ್ಸು ಬರೂ ಹೊತ್ತಿಗೆ ಬಾಗಲದಾಗ ಕುಂದ್ರತಿದ್ಲು. ಸಂತಿ ಹಿಂದಿನ ದಿನಾನೂ ಪೇಪರ್ ಬಿಡಿಸಿ ನೋಡಿದ್ಲು, ಮೊದಲಿನ ದಿನದ್ದನ್ನೂ ತಗದು ಮತ್ತ ನೋಡಿದ್ಲು. ‘ಇನ್ನೂ ಮೈಯಾಗ ಆರಾಮಾಗಿಲ್ಲ ಕಾಣಸ್ತದ ನನ್ನ ತಮ್ಮಗ’ ಅಂದು, ಚೀಲ ಒಯ್ದು ಗೂಟಕ್ಕ ಹಾಕಿದ್ಲ್ರಿ.”